ದರಕಿನ ದಿನಗಳಲ್ಲಿ ಬಂದ ಜ್ವರ: ಅರಲಗೋಡು, 2018–19

2018ರ ಡಿಸೆಂಬರ್. ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಅದೇ ಹೊತ್ತಿಗೆ ಒಂದೊಂದೇ ಮನೆಯಲ್ಲಿ ಜ್ವರ ಶುರುವಾಯಿತು. ಇದ್ದಕ್ಕಿದ್ದಂತೆ ಮೈ ಕಾಯುವುದು, ತಲೆ ಸಿಡಿಯುವುದು, ಸೊಂಟ ಕಾಲು ಎತ್ತಿಡಲಾಗದ ನೋವು, ಕಣ್ಣು ಕೆಂಪು. ಕೊಯ್ಲಿನ ದಣಿವು ಅಂದುಕೊಂಡು ಮಾತ್ರೆ ನುಂಗಿ ಮಲಗಿದವರೇ ಜಾಸ್ತಿ. ಆಮೇಲೆ ಸಾವುಗಳು ಬಂದವು. ಮಂಗನ ಕಾಯಿಲೆ ಅಂತ ಖಚಿತವಾಗುವ ಹೊತ್ತಿಗೆ ಊರಿನ ಜೀವ ಬಾಯಿಗೆ ಬಂದಿತ್ತು. ಕೆಲವರು ಮನೆಗೆ ಬೀಗ ಹಾಕಿ ನೆಂಟರ ಮನೆ ಸೇರಿದರು. ಕಾಯಿಲೆ ಬಿದ್ದ ಎಷ್ಟೋ ಜನರನ್ನು ಮಣಿಪಾಲದ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಬೇಸಿಗೆ ಮುಗಿಯುವಷ್ಟರಲ್ಲಿ ತಾಲ್ಲೂಕಿನಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು.

ನಾನು ಅರಣ್ಯ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕಾಡನ್ನು ಬಳಸುವ ರೀತಿಗೂ ಈ ಕಾಯಿಲೆ ಹರಡುವ ಉಣುಗಿಗೂ, ಅಂದರೆ ರಕ್ತ ಹೀರುವ ಉಣ್ಣೆಗೂ, ಏನು ಸಂಬಂಧ ಅನ್ನುವುದು ನನ್ನ ವಿಷಯ. ಅರಲಗೋಡನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇಲ್ಲಿ ಯಾರೂ ಆ ವರ್ಷ ದೊಡ್ಡ ಕಾಡು ಕಡಿಯಲಿಲ್ಲ, ಹೊಸ ಗಣಿ ತೆರೆಯಲಿಲ್ಲ. ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಕೆಲಸವನ್ನೇ ಜನ ಮಾಡುತ್ತಿದ್ದರು. ಹಾಗಿದ್ದೂ ಕಾಯಿಲೆ ಬಂತು. ಹಾಗಾದರೆ ಆ ದಿನನಿತ್ಯದ ಕೆಲಸವನ್ನೇ ಹತ್ತಿರದಿಂದ ನೋಡಬೇಕಲ್ವಾ?

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಇದು ಶರಾವತಿ ಹಿನ್ನೀರಿನ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಬಯಲಿನ ಗದ್ದೆ ಮನೆಗಳೆಲ್ಲ ಮುಳುಗಿದವು. ಮುಳುಗಡೆಯಾದ ಎಷ್ಟೋ ಕುಟುಂಬಗಳು ಮೇಲಕ್ಕೆ ಹತ್ತಿ ಕಾಡಿನ ಅಂಚಿನಲ್ಲಿ ನೆಲೆ ನಿಂತವು. ಹಾಗಾಗಿ ಇಲ್ಲಿ ಊರು ಒಂದು ಕಡೆ, ಕಾಡು ಒಂದು ಕಡೆ ಅನ್ನುವ ಗೆರೆಯೇ ಇಲ್ಲ. ಮನೆ, ಅಂಗಳ, ಕೊಟ್ಟಿಗೆ, ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ನಡುನಡುವೆ ಅಕೇಶಿಯಾ ನೆಡುತೋಪು. ಶಾಲೆಗೆ ಹೋಗುವ ಮಗು ದಿನಾ ಈ ನಾಲ್ಕೈದು ಬಗೆಯ ನೆಲ ದಾಟುತ್ತದೆ.

ಸೊಪ್ಪಿನ ಬೆಟ್ಟ ಮಲೆನಾಡಿನ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರಕ್ಕೆ ಸೊಪ್ಪು, ಒಣ ಎಲೆ ಬೇಕು. ಅದಕ್ಕಾಗಿ ತೋಟದವರಿಗೆ ಕಾಡಿನ ಒಂದು ಭಾಗವನ್ನು ಬಳಸುವ ಹಕ್ಕು ಬ್ರಿಟಿಷರ ಕಾಲದಿಂದಲೂ ಇದೆ. ಪಕ್ಕದ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅನ್ನುವ ಲೆಕ್ಕವೇ ಇತ್ತು. ನೆಲ ಸರ್ಕಾರದ್ದು, ಸೊಪ್ಪು ತೋಟದವರದ್ದು. ಇದೂ ಒಂದು ಅರಣ್ಯ ನಿರ್ವಹಣೆಯೇ. ಯಾವ ಮರದ ಸೊಪ್ಪು ಕಡಿಯಬೇಕು, ಯಾವುದನ್ನು ಬಿಡಬೇಕು, ಯಾವ ತಿಂಗಳು ದರಕು ಗುಡಿಸಬೇಕು ಅನ್ನುವುದನ್ನೆಲ್ಲ ಅರಣ್ಯ ಇಲಾಖೆಯ ಕೆಲಸದ ಯೋಜನೆಗಿಂತ ಮನೆಯ ಹೆಂಗಸರು ನಿರ್ಧರಿಸುತ್ತಾರೆ.

ದರಕು ಅಂದರೆ ಉದುರಿದ ಒಣ ಎಲೆ. ಡಿಸೆಂಬರ್ ದಾಟುತ್ತಿದ್ದಂತೆ ಮರಗಳು ಎಲೆ ಉದುರಿಸುತ್ತವೆ. ಜನವರಿ, ಫೆಬ್ರವರಿಯಲ್ಲಿ ಬೆಟ್ಟದ ನೆಲ ಕಾಣುವುದಿಲ್ಲ. ನಾನು ಉಳಿದುಕೊಳ್ಳುವ ಮನೆಯ ಅಕ್ಕ ಬೆಳಗ್ಗೆ ಹಾಲು ಕರೆದು, ದೋಸೆ ಹೊಯ್ದಿಟ್ಟು, ಎಂಟು ಗಂಟೆಗೆಲ್ಲ ಹೆಡಿಗೆ ಹಿಡಿದು ಬೆಟ್ಟ ಹತ್ತುತ್ತಾರೆ. ಕಾಲಿಗೆ ಹವಾಯಿ ಚಪ್ಪಲಿ. ಸೀರೆ ಮೇಲಕ್ಕೆ ಕಟ್ಟಿ, ಮೇಲೊಂದು ಗಂಡಸರ ಹಳೇ ಅಂಗಿ. ಕಡ್ಡಿಯ ಹಿಡಿಯಿಂದ ಎಲೆ ಗುಡಿಸಿ ಗುಪ್ಪೆ ಮಾಡುತ್ತಾರೆ. ಗುಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಎರಡೂ ತೋಳು ಚಾಚಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎಲೆಯನ್ನು ಎದೆಗವಚಿಕೊಂಡು ಹೆಡಿಗೆಗೆ ತುಂಬುತ್ತಾರೆ. ತುಂಬಿದ ಮೇಲೆ ಒಳಗೆ ಕಾಲಿಟ್ಟು ತುಳಿಯುತ್ತಾರೆ. ಮತ್ತೆ ತುಂಬುತ್ತಾರೆ. ಆಮೇಲೆ ತಲೆಯ ಮೇಲೆ ಹೊರೆ. ಎಲೆಯ ಪುಡಿ ಕುತ್ತಿಗೆ, ಬೆನ್ನು, ರವಿಕೆಯೊಳಗೆಲ್ಲ ಇಳಿಯುತ್ತದೆ. ಹೊತ್ತು ತಂದ ದರಕನ್ನು ಕೊಟ್ಟಿಗೆ ಪಕ್ಕದ ಮಾಡಿನಡಿ ರಾಶಿ ಹಾಕುತ್ತಾರೆ. ದನದ ಕಾಲಡಿಗೆ ಹಾಸಲು ವರ್ಷಪೂರ್ತಿ ಬೇಕಾಗುವ ದಾಸ್ತಾನು ಅದು.

ಆ ಎಲೆಯಲ್ಲೇ ಉಣುಗು ಇರುತ್ತದೆ.

ಮಂಗನ ಕಾಯಿಲೆಯ (ಕೆಎಫ್‌ಡಿ) ವೈರಸ್ಸನ್ನು ಹರಡುವ ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೊಟ್ಟೆಯಿಂದ ಹೊರಬಂದ ಮೇಲೆ ಅದಕ್ಕೆ ಮೂರು ಹಂತ. ಆರು ಕಾಲಿನ ಮರಿ, ಎಂಟು ಕಾಲಿನ ಎಳೆ ಉಣುಗು, ಬಲಿತ ಉಣುಗು. ಒಂದೊಂದು ಹಂತದಲ್ಲೂ ಒಂದೊಂದು ಪ್ರಾಣಿಯ ರಕ್ತ ಒಮ್ಮೆ ಕುಡಿದು ನೆಲಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಬಲಿತ ಉಣುಗು ದನ, ಕಾಟಿ, ಕಡವೆಯಂಥ ದೊಡ್ಡ ಪ್ರಾಣಿ ಹಿಡಿಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉದುರಿ, ಎಲೆಯ ತಂಪಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಬಿಟ್ಟ ಮೇಲೆ ಮರಿಗಳು ಇಲಿ, ಮೂಗಿಲಿ, ನೆಲದ ಹಕ್ಕಿಗಳ ಮೈಗೆ ಹತ್ತುತ್ತವೆ. ನವೆಂಬರ್, ಡಿಸೆಂಬರ್‌ಗೆ ಎಳೆ ಉಣುಗು ತಯಾರಾಗಿ ಮೇ ತನಕ ಇರುತ್ತದೆ. ಮನುಷ್ಯನಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಈ ಎಳೆ ಉಣುಗೇ. ಸಾಸಿವೆ ಕಾಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತಾಗದೆಯೂ ಇರಬಹುದು. ವೈರಸ್ ಇರುವ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ.

ಈಗ ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ. ಎಳೆ ಉಣುಗಿನ ಕಾಲ ಡಿಸೆಂಬರ್‌ನಿಂದ ಮೇ. ದರಕಿನ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್. ಕಟ್ಟಿಗೆ ಒಟ್ಟುವ ಕಾಲವೂ ಅದೇ. ಮಳೆಗಾಲಕ್ಕೆ ಮುಂಚೆ ಕಾಡಿನಿಂದ ತರಬೇಕಾದ್ದನ್ನೆಲ್ಲ ಜನ ಇದೇ ನಾಲ್ಕು ತಿಂಗಳಲ್ಲಿ ತರುತ್ತಾರೆ. ಬೇರೆ ತಿಂಗಳಲ್ಲಿ ತರಲು ಆಗುವುದೂ ಇಲ್ಲ. ಜೂನ್‌ನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಆದರೂ ಊರಿನ ಮಾತು ಸುತ್ತುವುದು ಮಂಗದ ಸುತ್ತಲೇ. ಹೆಸರೇ ಮಂಗನ ಕಾಯಿಲೆ ಆಗಿಬಿಟ್ಟಿದೆ. ಈ ಹೆಸರು ನನಗೆ ಸಂಕಟ ತರುತ್ತದೆ. ಮುಸುವ, ಕೆಂಪು ಮೂತಿಯ ಮಂಗ ಎರಡೂ ನಮ್ಮ ಹಾಗೆಯೇ ಉಣುಗು ಕಚ್ಚಿ ಕಾಯಿಲೆ ಬಿದ್ದು ಸಾಯುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಮೊದಲು ಗೊತ್ತಾಗಿದ್ದೂ ಮಂಗಗಳ ಸಾವಿನಿಂದಲೇ. ಮಂಗ, ಮನುಷ್ಯ ಒಟ್ಟಿಗೆ ಸಾಯುತ್ತಿದ್ದುದನ್ನು ನೋಡಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಹಳದಿ ಜ್ವರ ಭಾರತಕ್ಕೆ ಬಂತೇನೋ ಅನ್ನುವ ಭಯ ಹುಟ್ಟಿತ್ತು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ಅದರ ಹತ್ತಿರದ ಸಂಬಂಧಿಗಳಲ್ಲೊಂದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್.

ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಅಲ್ಲೇ ಸುತ್ತಮುತ್ತ ಉದುರುತ್ತವೆ, ಆ ಜಾಗ ಅಪಾಯದ್ದಾಗುತ್ತದೆ. ಇದು ನಿಜ. ಆದರೆ ಆ ಸಾವು ಎಚ್ಚರಿಕೆಯೂ ಹೌದು. ಇಲ್ಲಿ ವೈರಸ್ ಓಡಾಡುತ್ತಿದೆ ಅಂತ ಮಂಗ ಜೀವ ಕೊಟ್ಟು ತಿಳಿಸುತ್ತದೆ. ಸತ್ತ ಮಂಗ ಕಂಡ ಕೂಡಲೇ ಸುದ್ದಿ ಕೊಡುವವರು ಇದ್ದರೆ ಅದೇ ಊರಿಗೆ ಮೊದಲ ರಕ್ಷಣೆ.

ದನದ ಪಾತ್ರವನ್ನು ಬೇರೆ ರೀತಿಯಲ್ಲಿ ನೋಡಬೇಕು. ದನಕ್ಕೆ ಈ ಕಾಯಿಲೆ ತಟ್ಟುವುದಿಲ್ಲ, ದನದಿಂದ ನಮಗೆ ವೈರಸ್ ಬರುವುದೂ ಇಲ್ಲ. ಆದರೆ ಬಲಿತ ಉಣುಗಿಗೆ ಊಟ ಹಾಕುವುದು ದನ. ಮಳೆಗಾಲದಲ್ಲಿ ಬೆಟ್ಟದಲ್ಲಿ ಮೇಯುವ ಒಂದೊಂದು ಮಲೆನಾಡು ಗಿಡ್ಡ ತಳಿಯ ದನವೂ ಮುಂದಿನ ಬೇಸಿಗೆಯ ಉಣುಗಿನ ಬೆಳೆಗೆ ಬೀಜ ಹಾಕಿದ ಹಾಗೆ. ಕೊಲಂಬಿಯಾದ ಜಾರ್ಜ್ ಬೋಶೆಲ್ ಅನ್ನುವ ವಿಜ್ಞಾನಿ ಶಿವಮೊಗ್ಗದ ಕಾಡುಗಳಲ್ಲಿ ಕೆಲಸ ಮಾಡಿ 1969ರಲ್ಲೇ ಇದನ್ನು ಬರೆದಿದ್ದರು. ಜನ ಹೆಚ್ಚಿದರು, ಕಾಡು ತುಂಡಾಯಿತು, ದನ ಒಳಗೆ ನುಗ್ಗಿತು, ಅಂಚಿನಲ್ಲಿ ಲಂಟಾನ ಪೊದೆ ಬೆಳೆಯಿತು, ಉಣುಗು ಹೆಚ್ಚಿತು ಅನ್ನುವುದು ಅವರ ವಾದದ ತಿರುಳು. ಐವತ್ತು ವರ್ಷ ಕಳೆದರೂ ನಾವು ಆ ಮಾತಿನ ಸುತ್ತಲೇ ಕೆಲಸ ಮಾಡುತ್ತಿದ್ದೇವೆ.

ಹೋಲಿಕೆಗೆ ಇನ್ನೊಂದು ಊರಿನ ಕಥೆ ಹೇಳಲೇಬೇಕು. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ. 1980ರ ದಶಕದ ಶುರುವಿನಲ್ಲಿ ಅಲ್ಲಿ ಗೇರು ತೋಟ ಮಾಡಲು ಸುಮಾರು 400 ಹೆಕ್ಟೇರ್ ಕಾಡನ್ನು ಬೋಳು ಮಾಡಿದರು. ಅದರ ಬೆನ್ನಿಗೇ 1983ರ ಸುಮಾರಿಗೆ ಬಂದ ಕಾಯಿಲೆ ಅದುವರೆಗಿನ ಎಲ್ಲವನ್ನೂ ಮೀರಿಸಿತು. ಸಾವಿರಕ್ಕೂ ಹೆಚ್ಚು ಜನರಿಗೆ ಜ್ವರ, ನೂರಕ್ಕೂ ಹೆಚ್ಚು ಸಾವು. ಅಲ್ಲಿ ಕಾರಣ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಕೊಡಲಿ ಬಿತ್ತು, ನೂರಾರು ಕೂಲಿಗಳು ಒಣ ಸೊಪ್ಪಿನ ನಡುವೆ ದಿನವಿಡೀ ದುಡಿದರು. ನಿಡ್ಲೆಯಲ್ಲಿ ಒಂದು ಆದೇಶದಿಂದ ಒಂದೇ ಸಲ ಆದದ್ದು ಅರಲಗೋಡಿನಂಥ ಕಡೆ ಮುಳುಗಡೆ, ನೆಡುತೋಪು, ಮೇವು, ದರಕು ಅಂತ ಅರವತ್ತು ವರ್ಷದಲ್ಲಿ ಚೂರುಚೂರಾಗಿ ಆಗಿದೆ. ಹೀಗೆ ನಿಧಾನಕ್ಕೆ ಆದದ್ದಕ್ಕೆ ಯಾರ ಸಹಿಯೂ ಇರುವುದಿಲ್ಲ. ಅದಕ್ಕೇ ಲೆಕ್ಕಕ್ಕೂ ಸಿಗುವುದಿಲ್ಲ.

ಲೆಕ್ಕಕ್ಕೆ ಸಿಕ್ಕಿಸುವ ಪ್ರಯತ್ನ ಈಚೆಗೆ ನಡೆದಿದೆ. ಬ್ರಿಟನ್ನಿನ ಮತ್ತು ಬೆಂಗಳೂರಿನ ಸಂಶೋಧಕರು ಸೇರಿ, ಇಲ್ಲಿನ ಆರೋಗ್ಯ, ಪಶು, ಅರಣ್ಯ ಇಲಾಖೆಯವರನ್ನೂ ಕೂರಿಸಿಕೊಂಡು, ಶಿವಮೊಗ್ಗ ಜಿಲ್ಲೆಗೆ ಅಪಾಯದ ನಕ್ಷೆ ಮಾಡಿದರು. 2020ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡದ್ದು ಇದು: ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಪು ಜಾಸ್ತಿ ಇರುವ, ನಾಡ ದನ ಜಾಸ್ತಿ ಇರುವ, ಎಲೆ ಉದುರಿಸುವ ಒಣ ಕಾಡು ಕಡಿಮೆ ಇರುವ ಕಡೆ ಅಪಾಯ ಹೆಚ್ಚು. ಅರಲಗೋಡಿನ ಬೆಟ್ಟದ ಮೇಲೆ ನಿಂತು ಸುತ್ತ ನೋಡಿದರೆ ಕಾಣುವುದೂ ಅದೇ. ದೂರದ ಹಳ್ಳಿಗೂ ಇಂಥ ನಕ್ಷೆಯಿಂದ ಉಪಯೋಗವಿದೆ. ಮಂಗ ಸತ್ತ ಮೇಲೆ ಓಡುವ ಬದಲು ಅಕ್ಟೋಬರ್‌ನಲ್ಲೇ ಯಾವ ಊರಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಆ ವರ್ಷ ಕೈಯಲ್ಲಿದ್ದ ಮುಖ್ಯ ಉಪಾಯ ಲಸಿಕೆ. ಅದರ ಕಷ್ಟ ತಿಂಗಳುಗಳ ಲೆಕ್ಕದಲ್ಲಿತ್ತು. ಆಗಿನ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದರಂತೆ ಬೂಸ್ಟರ್ ಬೇಕಿತ್ತು. 2005ರಿಂದ 2010ರ ತನಕದ ಮಾಹಿತಿ ನೋಡಿದ ಅಧ್ಯಯನವೊಂದರ ಪ್ರಕಾರ ಎರಡು ಡೋಸಿನಿಂದ ಸಿಗುತ್ತಿದ್ದ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83. ಕಾಯಿಲೆ ಕಾಣಿಸಿದ ಮೇಲೆ ಡಿಸೆಂಬರ್ ಕೊನೆಗೆ ಮೊದಲ ಡೋಸ್ ಹಾಕಿಸಿಕೊಂಡವರಿಗೆ ಎರಡನೆಯದು ಜನವರಿ ಕೊನೆಗೆ. ಅಷ್ಟರಲ್ಲಿ ದರಕಿನ ಕೆಲಸ ಅರ್ಧ ಮುಗಿದಿರುತ್ತದೆ. 2022ರಲ್ಲಿ ಆ ಲಸಿಕೆಯ ಸತ್ವ ಸಾಲದು ಅಂತ ಅದನ್ನೂ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸ ಹಿಡಿದಿದೆ. ಅದು ಬಂದರೆ ಎಲ್ಲರಿಗಿಂತ ಹೆಚ್ಚು ಖುಷಿಪಡುವವರಲ್ಲಿ ನಾನೂ ಒಬ್ಬಳು.

ಇನ್ನು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ. ಮೊದಲು ಡಿಎಂಪಿ, ಈಗ ಡೇಪಾ. ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಿ ಅಂತ ಮನೆಮನೆಗೆ ಬಾಟಲಿ ಕೊಡುತ್ತಾರೆ. ಹಚ್ಚಿಕೊಂಡರೆ ಒಳ್ಳೆಯದೇ. ಆದರೆ ಇಳಿಜಾರು ಹತ್ತಿ, ಬೆವರು ಸುರಿಸಿ, ಎಲೆ ತಬ್ಬಿ ಎತ್ತುವ ಕೆಲಸದಲ್ಲಿ ಅದು ಎಷ್ಟು ಹೊತ್ತು ಮೈಮೇಲೆ ಉಳಿಯುತ್ತದೆ? ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಗಂಬೂಟು ಅಂತಲೂ ಹೇಳುತ್ತಾರೆ. ಭಿತ್ತಿಪತ್ರದಲ್ಲಿರುವ ಚಿತ್ರ ಗಂಡಸಿನದು, ಬೆಟ್ಟದಲ್ಲಿ ಎಲೆ ಗುಡಿಸುವುದು ಸೀರೆ ಉಟ್ಟ ಹೆಂಗಸು. ಇದನ್ನು ಸರಿಪಡಿಸಲು ದೊಡ್ಡ ಸಂಶೋಧನೆ ಬೇಡ. ಎಲೆ ಗುಡಿಸುವವರನ್ನು ಕರೆದು, ಯಾವ ಉಡುಪು ಹಾಕಿಕೊಂಡು ಈ ಕೆಲಸ ಮಾಡಬಲ್ಲಿರಿ ಅಂತ ಕೇಳಿ ಹೊಲಿಸಿದರೆ ಸಾಕು.

ಮಂಗ ಸತ್ತ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವುದು, ದರಕು ಸುಡುವುದು ಹಳೆಯ ಪದ್ಧತಿ. ಇದರಿಂದ ಕಾಯಿಲೆ ಎಷ್ಟು ಕಡಿಮೆಯಾಯಿತು ಅನ್ನುವುದಕ್ಕೆ ಗಟ್ಟಿ ಪುರಾವೆ ತೀರಾ ಕಡಿಮೆ. ಸಂಶೋಧನೆ ಶುರು ಮಾಡುವಾಗ ನನಗೂ ಬೆಂಕಿಯ ಮೇಲೆ ಆಸೆ ಇತ್ತು. ಅಮೆರಿಕದ ಜಾರ್ಜಿಯಾ ಮತ್ತು ಫ್ಲಾರಿಡಾದಲ್ಲಿ ನಡೆದ ಒಂದು ಅಧ್ಯಯನ ಓದಿದ್ದೆ. 21 ಜಾಗಗಳಲ್ಲಿ ಎರಡು ವರ್ಷ, ತಿಂಗಳು ತಿಂಗಳು ಉಣುಗು ಹಿಡಿದು, ಒಟ್ಟು 47 ಸಾವಿರಕ್ಕೂ ಹೆಚ್ಚು ಎಣಿಸಿ, 2014ರಲ್ಲಿ ಪ್ರಕಟಿಸಿದರು. ವರ್ಷಗಟ್ಟಲೆ ಹದವರಿತು ಬೆಂಕಿ ಕೊಟ್ಟುಕೊಂಡು ಬಂದ ಕಾಡಿನಲ್ಲಿ ಉಣುಗು ತುಂಬಾ ಕಡಿಮೆ ಇತ್ತು. ಓದಿದಾಗ ದಾರಿ ಸಿಕ್ಕಿತು ಅನ್ನಿಸಿತ್ತು.

ಬೆಟ್ಟಕ್ಕೆ ಬಂದ ಮೇಲೆ ಆ ಆಸೆ ಬಿಟ್ಟೆ. ಅಲ್ಲಿಯದು ಪೈನ್ ಕಾಡು, ಬೆಂಕಿಯ ಜೊತೆಗೇ ಬೆಳೆದ ಕಾಡು. ಬೆಂಕಿ ಬಿದ್ದರೆ ಅಲ್ಲಿನ ನೆಲ ತೆರೆದು ಒಣಗುತ್ತದೆ, ಉಣುಗಿಗೆ ತಂಪು ಸಿಗುವುದಿಲ್ಲ. ಕೆಲಸ ಮಾಡುವುದು ಆ ಒಣಗು. ನಮ್ಮ ಕಾನಿಗೆ ಬೆಂಕಿ ಬಿದ್ದರೆ ಜಾಯಿಕಾಯಿ ಜಾತಿಯ ಸಸಿಗಳು ಸುಟ್ಟು ಹೋಗುತ್ತವೆ, ಆ ತೆರವಿನಲ್ಲಿ ಲಂಟಾನ, ಕಮ್ಯೂನಿಸ್ಟ್ ಗಿಡದಂಥ ಕಳೆ ನುಗ್ಗುತ್ತವೆ. ಪೊದೆ ಬೆಳೆದರೆ ಇಲಿ, ಇಲಿ ಹೆಚ್ಚಿದರೆ ಮರಿ ಉಣುಗಿಗೆ ಊಟ. ಒಂದು ಬೇಸಿಗೆಗೆ ನೆಮ್ಮದಿ ಸಿಕ್ಕರೂ ಮುಂದಿನ ಬೇಸಿಗೆಗೆ ಏನು ಕಾದಿದೆಯೋ! ಕಾಡಿಗೆ ಬೆಂಕಿ ಕೊಡಿ ಅನ್ನುವ ಸಲಹೆಯನ್ನು ನಾನು ಕೊಡಲಾರೆ. ಹೊರಗೆ ಒಣ ಕಾಡಿನಲ್ಲಿ, ಬೆಂಕಿ ಹರಡದಂತೆ ಬೋಳು ಮಾಡಿದ ಫೈರ್‌ಲೈನ್ ಪಕ್ಕದಲ್ಲಿ ಪರೀಕ್ಷೆ ಮಾಡಬಹುದು. ಕಾನಿನಲ್ಲಿ ಬೇಡ.

ದರಕಿನ ವಿಷಯದಲ್ಲಿ ಮಾತ್ರ ಇನ್ನೊಂದು ಮುಖ ಇದೆ. ವರ್ಷವರ್ಷ ಗುಡಿಸಿದ ಬೆಟ್ಟದಲ್ಲಿ ಎಲೆಯ ಹಾಸು ತೆಳ್ಳಗಿರುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ. ಹಾಗಾದರೆ ಗುಡಿಸುವುದರಿಂದ ಬೆಟ್ಟದಲ್ಲಿ ಉಣುಗು ಕಡಿಮೆಯಾಗಬೇಕು. ಗುಡಿಸುವವರಿಗೆ ಮಾತ್ರ ಅಪಾಯ ಹೆಚ್ಚು. ಕಾಯಿಲೆ ಬಂದ ವರ್ಷ ಹೆದರಿ ಬೆಟ್ಟ ಬಿಟ್ಟರೆ ಮುಂದಿನ ವರ್ಷ ಅಲ್ಲಿ ಎರಡು ವರ್ಷದ ಎಲೆ, ಅದರಡಿ ತಂಪು. ಕಾಡಿಗೆ ಹೋಗಬೇಡಿ ಅನ್ನುವ ಡಂಗುರ ಈ ಕಾರಣಕ್ಕೂ ನನಗೆ ಸರಿ ಕಾಣುವುದಿಲ್ಲ. ಇದು ನಾನು ಪರೀಕ್ಷಿಸಬೇಕಾದ ಊಹೆ, ಇನ್ನೂ ಉತ್ತರವಲ್ಲ.

ಅದಕ್ಕೇ ಗುಡಿಸುವ ಬೆಟ್ಟ, ಗುಡಿಸದೆ ಬಿಟ್ಟ ಬೆಟ್ಟ, ಅಕೇಶಿಯಾ ತೋಪು, ಕಾನು ಈ ನಾಲ್ಕರಲ್ಲೂ ಬಟ್ಟೆ ಎಳೆಯುವ ಯೋಜನೆ ಹಾಕಿಕೊಂಡೆ. ಒಂದು ಮೀಟರ್ ಚೌಕದ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಅಂಚಿಗೆ ಕೋಲು, ಹಗ್ಗ. ನೆಲಕ್ಕೆ ತಾಗಿಸಿಕೊಂಡು ನಿಧಾನಕ್ಕೆ ನಡೆಯಬೇಕು. ಪ್ರಾಣಿ ಹಾದುಹೋಯಿತು ಅಂತ ಉಣುಗು ಬಟ್ಟೆಗೆ ಹತ್ತುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ಮಗುಚಿ, ಚಿಮಟದಲ್ಲಿ ಒಂದೊಂದೇ ತೆಗೆದು ಸೀಸೆಗೆ ಹಾಕಬೇಕು. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ. ಧೂಳು ಅಂದುಕೊಂಡರೆ ಮೆಲ್ಲಗೆ ನಡೆಯತೊಡಗುತ್ತದೆ.

ಒಂದು ಬೆಳಗ್ಗೆ ಅಕ್ಕ ಹೊರೆ ಇಳಿಸಿ ನನ್ನ ಕೆಲಸ ನೋಡುತ್ತ ನಿಂತರು. ಬೆಟ್ಟದಲ್ಲಿ ಬರಿಗೈಯಲ್ಲಿ ಎಲೆ ತಬ್ಬಬೇಡಿ, ಎಲೆ ತರುವುದನ್ನು ಸ್ವಲ್ಪ ಕಡಿಮೆ ಮಾಡಲು ಆಗುತ್ತಾ ಅಂತ ಕೇಳಿದೆ.

"ಬಿಟ್ರೆ ತೋಟಕ್ಕೆ ಎಂತ ಹಾಕದು ತಂಗಿ? ದನಿನ ಕಾಲಡಿಗೆ ಎಂತ ಹಾಸದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮುಂದುವರಿಸಿದರು.

"ನೀನು ಬೆಟ್ಟದಾಗೆ ಬಟ್ಟೆ ಎಳೀತಿ. ನಾ ಬೆಟ್ಟದಾಗೆ ಇರದು ಬೆಳಗ್ಗೆ ಎರಡು ತಾಸು. ಆ ದರಕಿನ ರಾಶಿ ಕೊಟ್ಟಿಗೆ ಬಗ್ಲಲ್ಲಿ ವರ್ಷ ಇರ್ತದೆ. ದಿನಾ ನಾನೇ ಅದರಾಗೆ ಕೈ ಹಾಕದು. ಮಕ್ಳು ಅದರ ಮೇಲೇ ಹಾರಿ ಕುಣೀತವೆ. ಅಲ್ಲಿ ಯಾಕೆ ಬಟ್ಟೆ ಎಳೆಯಲ್ಲ ನೀನು?"

ನನ್ನ ಯೋಜನೆಯಲ್ಲಿದ್ದ ನಾಲ್ಕು ಜಾಗಗಳೂ ಕಾಡಿನವು. ಎಲೆ ಬೆಟ್ಟದಿಂದ ಮನೆಗೆ ಬರುತ್ತದೆ, ಆ ಎಲೆಯ ಜೊತೆ ಉಣುಗೂ ಬರಬಹುದು ಅನ್ನುವುದು ತಲೆಗೆ ಗೊತ್ತಿದ್ದರೂ ಬಟ್ಟೆ ಹಿಡಿದು ಕೊಟ್ಟಿಗೆಯ ಕಡೆ ತಿರುಗಿರಲಿಲ್ಲ. ಅಂದೇ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಐದನೆಯ ಜಾಗವಾಗಿ ಕೊಟ್ಟಿಗೆ ಪಕ್ಕದ ರಾಶಿ ಸೇರಿತು. ಹೊಸದಾಗಿ ತಂದ ರಾಶಿ, ಎರಡು ದಿನ ಅಂಗಳದ ಬಿಸಿಲಿಗೆ ಹರವಿ ಆಮೇಲೆ ಮಾಡಿನಡಿ ಹಾಕಿದ ರಾಶಿ ಅಂತ ಎರಡು ಬಗೆ ಮಾಡಿಕೊಂಡೆವು. ಹರವುವ ಉಪಾಯವೂ ಅಕ್ಕನದೇ. ಅಡಿಕೆ ಒಣಗಿಸುವ ಅಂಗಳದಲ್ಲಿ ಜಾಗ ಎಲ್ಲಿ ಅಂತ ಮನೆಯವರು ಗೊಣಗಿದರು. ಅಕ್ಕ ಅಂಗಳದ ತೆಂಕಣ ಮೂಲೆಯಲ್ಲಿ ಎರಡು ಚಾಪೆಯಷ್ಟು ಜಾಗ ಗುಡಿಸಿ ಬಿಟ್ಟುಕೊಟ್ಟಿದ್ದಾರೆ.